ಮದುಮಗಳ ಐದನೆಯ ಅಪ್ಪ

ಗೆರ್ಬೆನ್ ಹೂಕ್ಸ್ಟ್ರಾ ಎಂಬ ಮರ್ಯಾದಸ್ಥನಿಗೆ ಆಸ್ಟ್ರಿಯಾದ ನಡುದಾರಿಯಲ್ಲಿ ಆದ ಅನ್ಯಾಯಕ್ಕೆಲ್ಲ ಮೂಲ ಕಾರಣ ಅವನ ಮುಂದಾಲೋಚನೆ. ಮುಂದಾಲೋಚನೆ ಎಂಬುದೇ ಇಲ್ಲದ ಎಷ್ಟೋ ಜನ ಆವತ್ತು ಸುಖವಾಗಿ ಊರು ಸೇರಿಕೊಂಡರು. ಇವನು ಮಾತ್ರ ಹೊರಡುವ ಮುಂಚೆಯೇ ಕಾರಿನ ಜಿಪಿಎಸ್ಸಿಗೆ ಎರಡು ಊರುಗಳನ್ನು ಒಟ್ಟಿಗೇ ತುಂಬಿಸಿದ್ದ. ಮೊದಲು ಮಗಳ ಮದುವೆ ನಡೆಯುವ ಟಿರೋಲಿನ ಹಳ್ಳಿ ಓಬರ್‌ಫೆಲ್ಡಾಖ್. ಮದುವೆ ಮುಗಿದ ಮೇಲೆ ಹೆಂಡತಿಯೊಡನೆ ಎರಡು ವಾರದ ರಜೆಗೆ ಇಟಲಿಯ ಗಾರ್ದಾ ಸರೋವರ. ಅಷ್ಟು ದೂರ ಹೋದ ಮೇಲೆ ಇನ್ನಷ್ಟು ಹೋಗದೆ ಹಿಂದಿರುಗುವುದು ಹಾಲೆಂಡಿನವರ ಜಾಯಮಾನದಲ್ಲೇ ಇಲ್ಲ. ಹಾಗಾಗಿ ಕಾರಿನ ಬೆನ್ನಿಗೆ ಕ್ಯಾರವಾನ್ ಎಂಬ ಗಾಲಿಯ ಮನೆ, ಅದರೊಳಗೆ ಒಂದು ಚೀಲ ಊರಿನ ಆಲೂಗಡ್ಡೆ, ಆಲೂಗಡ್ಡೆಯ ಮೇಲೆ ಮದುವೆಗೆಂದು ಹೊಲಿಸಿದ ಕಪ್ಪು ಸೂಟು.

ಫೆಮ್ಕೆ ಅವನಿಗೆ ಒಬ್ಬಳೇ ಮಗಳು. ಶನಿವಾರ ಹನ್ನೊಂದು ಗಂಟೆಗೆ ಅವಳ ಕೈ ಹಿಡಿದು ಚರ್ಚಿನ ಬಾಗಿಲಿನಿಂದ ಒಳಗೆ ನಡೆಸಿಕೊಂಡು ಹೋಗಬೇಕಾದವನು ಇವನೇ. ‘ಅಪ್ಪಾ, ಒಂದು ದಿನ ಮುಂಚೆ ಬಂದುಬಿಡು’ ಎಂದು ಅವಳು ಮೂರು ತಿಂಗಳಿಂದ ಬಡಕೊಂಡಿದ್ದಳು. ಹೆಂಡತಿ ಆಲ್ಚೆ ನಾಲ್ಕು ದಿನ ಮೊದಲೇ ರೈಲು ಹತ್ತಿದ್ದಳು. ಗೆರ್ಬೆನ್ ಹೇಗೆ ಹೊರಟಾನು? ಅವನು ಹಾಲೆಂಡಿನ ಫ್ರೀಸ್‌ಲ್ಯಾಂಡಿನ ಕಾಲುವೆಯೊಂದರ ಮೇಲಿನ ಎತ್ತುವ ಸೇತುವೆಯ ಕಾವಲುಗಾರ. ದೋಣಿ ಬಂದರೆ ಕಾರುಗಳನ್ನು ನಿಲ್ಲಿಸಿ ಸೇತುವೆ ಎತ್ತಬೇಕು, ದೋಣಿ ದಾಟಿದ ಮೇಲೆ ಇಳಿಸಬೇಕು. ಬದಲಿ ಬರಬೇಕಾದವನು ಜ್ವರ ಎಂದು ಮಲಗಿದ್ದರಿಂದ ಶುಕ್ರವಾರ ಸಂಜೆಯ ಪಾಳಿಯನ್ನೂ ಮುಗಿಸಿ, ಚಡ್ಡಿಯಲ್ಲೇ ಕಾರು ಹತ್ತಿ, ಸಾವಿರ ಕಿಲೋಮೀಟರು ಒಬ್ಬನೇ ಓಡಿಸಿಕೊಂಡು ಬಂದ. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಹೆದ್ದಾರಿ ಬಿಟ್ಟು ಹಳ್ಳಿಯ ದಾರಿಗೆ ಇಳಿದಾಗ ಉಳಿದಿದ್ದದ್ದು ಏಳೇ ಕಿಲೋಮೀಟರು. ಅಲ್ಲಿ ದಾರಿಗೆ ಅಡ್ಡವಾಗಿ ಒಂದು ಕಂಬ, ಕಂಬದ ಪಕ್ಕದಲ್ಲಿ ಹಳದಿ ಜಾಕೆಟ್ಟಿನ ಒಬ್ಬ ಮೀಸೆಯವನು.

ಬೇಸಗೆಯ ಶನಿವಾರಗಳಲ್ಲಿ ಹೆದ್ದಾರಿ ಕಟ್ಟಿಕೊಂಡಿತೆಂದರೆ ಸಾಕು, ಜಿಪಿಎಸ್ಸುಗಳು ಇಟಲಿಗೆ ಹೋಗುವವರನ್ನೆಲ್ಲ ಹಳ್ಳಿಗಳ ಒಳಗೆ ನುಗ್ಗಿಸುತ್ತವೆ. ಹಳ್ಳಿಯ ಮುದುಕಿಯರಿಗೆ ಎದುರುಮನೆಯಿಂದ ಹಾಲು ತರುವುದಕ್ಕೂ ಅರ್ಧ ಗಂಟೆ ಕಾಯುವ ಪಾಡು. ಅದಕ್ಕೇ ಈಗ ದಾರಿಯ ಬಾಯಲ್ಲಿ ಕಾವಲು. ಆ ಊರಿಗೇ ಬಂದವರು ಒಳಗೆ ಹೋಗಬಹುದು, ಮಿಕ್ಕವರು ತಿರುಗಿ ಹೆದ್ದಾರಿಗೆ. ನಿಯಮ ನ್ಯಾಯವಾದದ್ದೇ.

“ಎಲ್ಲಿಗೆ ಯಜಮಾನ್ರೇ?” ಎಂದು ಮೀಸೆಯವನು ಕೇಳಿದ. ಅವನ ಹೆಸರು ವೆಂಡೆಲಿನ್, ರೈಲ್ವೆಯಿಂದ ನಿವೃತ್ತನಾದವನು.

“ಓಬರ್‌ಫೆಲ್ಡಾಖ್‌ಗೆ. ನನ್ನ ಮಗಳ ಮದುವೆ.”

ವೆಂಡೆಲಿನ್ ಉದ್ದವಾಗಿ ಉಸಿರುಬಿಟ್ಟ. “ಬನ್ನಿ. ಬೆಳಿಗ್ಗೆಯಿಂದ ಮದುಮಗಳ ಅಪ್ಪಂದಿರೇ ನಾಲ್ಕು ಜನ ಬಂದಿದ್ರು. ನೀವು ಐದನೇವ್ರು.”

“ನಾಲ್ಕು ಜನಾನಾ? ಫೆಮ್ಕೆಗೆ ಅಪ್ಪ ಅಂತ ಇರೋದು ನಾನೊಬ್ನೇ ಕಣ್ರೀ.”

“ಅವ್ರೂ ಫೆಮ್ಕೆ ಅಂತಾನೇ ಹೇಳಿದ್ರು” ಎಂದು ವೆಂಡೆಲಿನ್ ಹಿಂದಕ್ಕೆ ಕೈ ತೋರಿಸಿದ. ಹೆದ್ದಾರಿಯಿಂದಲೇ ಕಾಣುವಂತೆ, ಹುಲ್ಲಿನ ಕೊಟ್ಟಿಗೆಯ ಗೋಡೆಗೆ ಮದುಮಗನ ಗೆಳೆಯರು ಮಂಚದಷ್ಟು ದೊಡ್ಡ ಹಲಗೆ ಹೊಡೆದಿದ್ದರು: ‘ಫೆಮ್ಕೆ ಮತ್ತು ಕಸ್ಪರ್, ಇಂದು ಹನ್ನೊಂದಕ್ಕೆ, ಎಲ್ಲರಿಗೂ ಸ್ವಾಗತ’.

ಅಷ್ಟರಲ್ಲಿ ಜಿಪಿಎಸ್ಸಿನ ಹೆಣ್ಣು ದನಿ, ಯಾರೂ ಕೇಳದೆ ಇದ್ದರೂ, ಗಾರ್ದಾ ಸರೋವರಕ್ಕೆ ಇನ್ನು ಇನ್ನೂರ ಹನ್ನೆರಡು ಕಿಲೋಮೀಟರು ಎಂದು ಒದರಿತು. ಡಚ್ಚಿನಲ್ಲೇ ಒದರಿತು, ಆದರೆ ಗಾರ್ದಾ ಎಂಬುದು ಯಾವ ಭಾಷೆಯಲ್ಲೂ ಗಾರ್ದಾವೇ. ವೆಂಡೆಲಿನ್ ಕಿಟಕಿಯೊಳಗೆ ಬಗ್ಗಿ ಪರದೆಯನ್ನು ನೋಡಿದ, ಚಡ್ಡಿಯನ್ನು ನೋಡಿದ, ಹಿಂದಿನ ಕ್ಯಾರವಾನನ್ನು ನೋಡಿದ.

“ಮಗಳ ಮದುವೆಗೆ ಚಡ್ಡೀಲಿ ಬಂದಿದೀರಿ. ಮನೇನೂ ಎಳ್ಕೊಂಡು ಬಂದಿದೀರಿ. ಮಂಟಪ ಗಾರ್ದಾ ಸರೋವರದಲ್ಲಿ ಹಾಕ್ಸಿದೀರಾ?”

“ಅದು ಮದುವೆ ಆದ್ಮೇಲೆ. ನಡುವಿನ ಊರು ಓಬರ್‌ಫೆಲ್ಡಾಖ್. ಇರಿ, ತೋರಿಸ್ತೀನಿ” ಎಂದು ಗೆರ್ಬೆನ್ ಪರದೆಯನ್ನು ಒತ್ತಿದ. ಪೆಟ್ರೋಲ್ ಬಂಕುಗಳ ಪಟ್ಟಿ ಬಂತು. ಇನ್ನೊಮ್ಮೆ ಒತ್ತಿದ. ಗಾರ್ದಾದ ದಡದಲ್ಲಿ ಐಸ್‌ಕ್ರೀಮ್ ಎಲ್ಲೆಲ್ಲಿ ಸಿಗುತ್ತದೆಂದು ಬಂತು. ಮೂರನೆಯ ಸಲ ಒತ್ತಿದಾಗ ಜಿಪಿಎಸ್ಸು ಮುನಿಸಿಕೊಂಡು ಕಪ್ಪಾಯಿತು.

ಮುಂದೆ ಕಂಬದ ಬಳಿಯೇ ನಿಂತಿದ್ದ ಕಾರಿನಿಂದ ಒಬ್ಬ ಹೆಂಗಸು ಇಳಿದು ಬಂದಳು. ಜರ್ಮನಿಯ ಕಲೋನ್ ಊರಿನ ರೋಸ್ವಿತಾ. ಚೀಸ್ ಕೊಳ್ಳಲು ಹಳ್ಳಿಗೆ ಹೋಗುತ್ತಿದ್ದೇನೆಂದು ಸುಳ್ಳು ಹೇಳಿ ಆಗಷ್ಟೇ ಸಿಕ್ಕಿಬಿದ್ದವಳು. ಕ್ಯಾರವಾನ್ ಅಡ್ಡ ಇದ್ದದ್ದರಿಂದ ತಿರುಗಿಸಿಕೊಳ್ಳಲಾಗದೆ, ಆ ಬಿಡುವಿನಲ್ಲಿ ನ್ಯಾಯ ಹೇಳಲು ಬಂದಳು.

“ಮಗಳು ಅಂದ್ಮೇಲೆ ಫೋಟೋ ಇರ್ಬೇಕಲ್ಲ, ಕೇಳಿ ಅವ್ರನ್ನ” ಎಂದು ಕಾವಲುಗಾರನಿಗೆ ಹೇಳಿಕೊಟ್ಟಳು.

ಗೆರ್ಬೆನ್ ಪರ್ಸಿನಿಂದ ಫೋಟೋ ತೆಗೆದ. ಮುಂದಿನ ಎರಡು ಹಲ್ಲು ಬಿದ್ದಿರುವ ಏಳು ವರ್ಷದ ಹುಡುಗಿ, ಕೈಯಲ್ಲಿ ಬಾತುಕೋಳಿ.

“ಈ ಮಗೂಗೆ ಮದುವೆ ಮಾಡಿದ್ರೆ ಪೊಲೀಸ್ರನ್ನ ಕರೀಬೇಕಾಗತ್ತೆ” ಎಂದ ವೆಂಡೆಲಿನ್.

ಗೆರ್ಬೆನ್ ಹೆಂಡತಿಗೆ ಫೋನು ಮಾಡಿದ. ಬೆಟ್ಟದ ಬುಡದಲ್ಲಿ ಸಿಗ್ನಲ್ ಒಂದು ಗೆರೆ ಬರುತ್ತಿತ್ತು, ಹೋಗುತ್ತಿತ್ತು. ಹನ್ನೊಂದು ಸಲ ರಿಂಗಾಯಿತು, ಹನ್ನೊಂದು ಸಲವೂ ಆಲ್ಚೆ ಎತ್ತಲಿಲ್ಲ. ಮಗಳ ಫೋನು ಸ್ವಿಚ್ ಆಫ್. ಬೇರೆಯವರ ನಂಬರು ಇವನ ಬಳಿ ಇರಲಿಲ್ಲ. ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಬೀಗರು ನೆಂಟರ ನಂಬರೆಲ್ಲ ಹೆಂಡತಿಯ ಖಾತೆ.

ಹತ್ತೂ ಹತ್ತು ಆಯಿತು. ಗೆರ್ಬೆನ್‌ಗೆ ಪಿತ್ತ ನೆತ್ತಿಗೇರಿತು. ಕ್ಯಾರವಾನಿನೊಳಗೆ ನುಗ್ಗಿ, ಸೂಟು ತೊಟ್ಟು, ಟೈ ಬಿಗಿದು, ಆಲೂಗಡ್ಡೆಯ ಮಣ್ಣು ಕೊಡವಿಕೊಂಡು ಇಳಿದ.

“ಈಗ? ಈಗೇನಂತೀರಿ?”

“ಚೆನ್ನಾಗಿ ಹೊಲ್ದಿದಾರೆ. ಭುಜ ಸ್ವಲ್ಪ ಬಿಗಿ” ಎಂದಳು ರೋಸ್ವಿತಾ.

“ಮೂರನೇ ಅಪ್ಪನೂ ಸೂಟ್ ಹಾಕ್ಕೊಂಡಿದ್ದ” ಎಂದ ವೆಂಡೆಲಿನ್.

ಗೆರ್ಬೆನ್ ಕಾರಿನ ಬಾಗಿಲಿಗೊರಗಿ ನಿಂತುಬಿಟ್ಟ. “ಸ್ವಾಮಿ, ನನ್ನ ಜೀವಮಾನದಲ್ಲಿ ನಾನೊಂದೂ ಸುಳ್ಳು ಹೇಳಿದವನಲ್ಲ. ಮೂವತ್ತೊಂದು ವರ್ಷ ಸೇತುವೆ ಕಾದಿದೀನಿ. ನಾನೂ ನಿಮ್ಮ ಹಾಗೇ ದಾರಿಗೆ ಅಡ್ಡ ನಿಂತು ಅನ್ನ ತಿಂದವನು. ನನ್ನನ್ನ ಹೋಗಿ ಹೋಗಿ ಈ ಜಿಪಿಎಸ್ ಕಳ್ಳರ ಸಾಲಿಗೆ ಸೇರಿಸ್ತೀರಲ್ಲ, ಹೊಟ್ಟೆ ಉರಿಯತ್ತೆ.”

ವೆಂಡೆಲಿನ್ ಮುಖ ಬದಲಾಯಿತು. “ಸೇತುವೆ ಕಾಯ್ತೀರಾ? ಜನ ಬೈತಾರಾ?”

“ದಿನಾ.”

“ಅವಸರ ಅಂತಾರಾ?”

“ಎಲ್ಲರ ಕಾರಲ್ಲೂ ಹೆರಿಗೆ ನೋವಿನ ಹೆಂಡ್ತೀನೇ ಇರೋದು.”

“ನೀವೇನ್ಮಾಡ್ತೀರಿ?”

“ದೋಣಿ ದಾಟೋ ತನಕ ಕಿವುಡಾಗ್ತೀನಿ.”

ಇಷ್ಟು ಹೊತ್ತು ಕಲ್ಲಿನಂತೆ ನಿಂತಿದ್ದ ವೆಂಡೆಲಿನ್ ಕರಗಿಹೋದ. ಅವನ ಕಷ್ಟ ಅರಿತವರು ಆ ಜಿಲ್ಲೆಯಲ್ಲೇ ಯಾರೂ ಇರಲಿಲ್ಲ. “ಮೇಲೆ ಆ ತೋಟದ ಮನೇಲಿ ಫೋನಿದೆ. ಮದುಮಗನ ಅಪ್ಪ ಒಥ್ಮಾರ್ ನಂಗೆ ಗೊತ್ತು, ಕೇಳ್ಕೊಂಡು ಬರ್ತೀನಿ. ಆದ್ರೆ ಕಂಬಾನ ಒಂದು ನಿಮಿಷಾನೂ ಬಿಡೋ ಹಾಗಿಲ್ಲವಲ್ಲ.”

“ನಾನು ನಿಂತ್ಕೋತೀನಿ” ಎಂದ ಗೆರ್ಬೆನ್.

ಕ್ಯಾರವಾನನ್ನು ಹುಲ್ಲಿನ ಮೇಲಕ್ಕೆ ಸರಿಸಿದರು. ವೆಂಡೆಲಿನ್ ತನ್ನ ಹಳದಿ ಜಾಕೆಟ್ಟು, ಸೀಟಿ, ಕೆಂಪು ತಟ್ಟೆಯ ಕೋಲು ಎಲ್ಲವನ್ನೂ ಅವನಿಗೆ ಒಪ್ಪಿಸಿ ಗುಡ್ಡ ಹತ್ತಿದ. ರೋಸ್ವಿತಾ ಈಗ ತಿರುಗಿಸಿಕೊಂಡು ಹೋಗಬಹುದಿತ್ತು. ಕೊನೆ ನೋಡದೆ ಹೋಗುವ ಹೆಂಗಸಲ್ಲ ಅವಳು.

ಕೋಲು ಕೈಗೆ ಬಂದದ್ದೇ ಗೆರ್ಬೆನ್ನನ ಬೆನ್ನು ನೆಟ್ಟಗಾಯಿತು. ಅವಮಾನವೆಲ್ಲ ಒಂದು ಕಡೆ ಸೇರಿ ಕೋಪವಾಗಿ ಗಟ್ಟಿಯಾಯಿತು. ತನ್ನಂಥ ನಿಜವಾದ ಅಪ್ಪನನ್ನು ಚಡ್ಡಿ ಬಿಚ್ಚಿ ಸೂಟು ಹಾಕುವ ಸ್ಥಿತಿಗೆ ತಂದವರು ಯಾರು? ವೆಂಡೆಲಿನ್ ಅಲ್ಲ, ಪಾಪ. ಬೆಳಿಗ್ಗೆಯಿಂದ ಬಂದ ಆ ನಾಲ್ವರು ಸುಳ್ಳು ಅಪ್ಪಂದಿರು. ಈಗ ಐದನೆಯ ಸುಳ್ಳ ಬರಲಿ, ನೋಡಿಕೊಳ್ಳುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ನಿಂತ.

ಬಂದೇಬಂದ. ಪೋಲೆಂಡಿನ ನಂಬರಿನ ಬಿಳಿ ಕಾರು, ಮೇಲೆ ಸೈಕಲ್ಲು ಕಟ್ಟಿತ್ತು. ಒಳಗೆ ತೋಳಿಲ್ಲದ ಬನಿಯನ್ನಿನ ಒಬ್ಬ ಯುವಕ. ಮುಂದೆ ಜಿಪಿಎಸ್ಸು ಮಿಣಮಿಣ ಎನ್ನುತ್ತಿತ್ತು.

“ಎಲ್ಲಿಗೆ?”

“ಓಬರ್‌ಫೆಲ್ಡಾಖ್. ಮದುವೆ” ಎಂದ ಯುವಕ. ಅವನ ಜರ್ಮನ್ ಹೊಸದು, ಪದಗಳು ಒಂದೊಂದಾಗಿ ಬರುತ್ತಿದ್ದವು.

“ಯಾರ ಮದುವೆ?”

ಯುವಕ ಕೊಟ್ಟಿಗೆಯ ಹಲಗೆಯ ಕಡೆ ಕಣ್ಣು ಹಾಯಿಸಿದ. “ಫೆಮ್ಕೆ, ಕಸ್ಪರ್.”

“ಓದಿ ಹೇಳ್ತಿದಾನೆ, ನಾನೇ ನೋಡ್ದೆ” ಎಂದು ರೋಸ್ವಿತಾ ಹಿಂದಿನಿಂದ ಸಾಕ್ಷಿ ನುಡಿದಳು.

“ಬನಿಯನ್ನಲ್ಲಿ ಮದುವೆಗೆ ಹೋಗ್ತೀಯಾ?”

“ಬಟ್ಟೆ ಹಿಂದೆ ಇದೆ. ದಯವಿಟ್ಟು, ತಡ ಆಗಿದೆ. ನಾನಿಲ್ಲದೆ ಮದುವೆ ಆಗೋದಿಲ್ಲ.”

ಗೆರ್ಬೆನ್‌ಗೆ ಒಳಗೊಳಗೇ ಹಬ್ಬ. ಅಪ್ಪಂದಿರು ಮುಗಿದರು, ಈಗ ಗಂಡೇ ಬಂದಿದ್ದಾನೆ. ಈ ಸುಳ್ಳನ್ನು ವೆಂಡೆಲಿನ್ ಹಿಡಿಯಲಾರ, ಆದರೆ ತಾನು ಕಸ್ಪರನೊಡನೆ ಎಷ್ಟು ಸಲ ಕೂತು ಉಂಡಿದ್ದೇನೆ. “ಅಂದ್ರೆ ನೀನೇ ಮದುಮಗ ಅನ್ನು.”

“ಅಲ್ಲ, ಅಲ್ಲ, ನಾನು ಅಲ್ಲಿಯ...”

ಗೆರ್ಬೆನ್ ಸೀಟಿ ಊದಿದ. ಯುವಕ ಮತ್ತೆ ಬಾಯಿ ತೆರೆದ. ಮತ್ತೆ ಊದಿದ. “ಸಾಕು. ಮಗಳನ್ನ ಕೊಡೋ ಅಪ್ಪ ಒಬ್ಬ ಇಲ್ಲಿ ಬಿಸಿಲಲ್ಲಿ ಒಣಗ್ತಾ ನಿಂತಿದಾನೆ, ನಿಮ್ಮಂಥವರಿಂದಾಗಿ. ನಾಚ್ಕೆ ಆಗ್ಬೇಕು. ತಿರುಗಿಸು ಕಾರು.”

ಯುವಕ ಕೋಲನ್ನು ನೋಡಿದ, ಜಾಕೆಟ್ಟಿನೊಳಗಿನ ಕಪ್ಪು ಸೂಟನ್ನು ನೋಡಿದ, ಮೇಲಿನವರ ಮಾತು ಮೀರಿ ಅಭ್ಯಾಸವಿಲ್ಲದವನಂತೆ ತಲೆ ತಗ್ಗಿಸಿ ಕಾರು ತಿರುಗಿಸಿದ. ರೋಸ್ವಿತಾ ಚಪ್ಪಾಳೆ ತಟ್ಟಿದಳು. ಇಡೀ ಪ್ರಯಾಣದಲ್ಲಿ ಗೆರ್ಬೆನ್‌ಗೆ ಮೊದಲ ಸಲ ಮನಸ್ಸು ತಣ್ಣಗಾಯಿತು.

ಐದು ನಿಮಿಷಕ್ಕೆ ವೆಂಡೆಲಿನ್ ಓಡೋಡಿ ಇಳಿದು ಬಂದ. “ಒಥ್ಮಾರ್ ಹೇಳ್ದ. ಬೀಗರು ಎತ್ತರಕ್ಕಿದ್ದಾರಾ, ಕೆಂಪಗಿದ್ದಾರಾ, ಸಿಟ್ಟಾಗಿದ್ದಾರಾ ಅಂತ ಕೇಳ್ದ. ಮೂರೂ ಹೌದು ಅಂದೆ. ಹಾಗಾದ್ರೆ ಅವ್ರೇ, ಕೂಡ್ಲೆ ಕಳ್ಸು ಅಂದ. ಓಡಿ, ಓಡಿ. ತಪ್ಪಾಯ್ತು ಯಜಮಾನ್ರೇ.”

ಹತ್ತು ಐವತ್ತೆರಡಕ್ಕೆ ಗೆರ್ಬೆನ್ ಚರ್ಚಿನ ಮೆಟ್ಟಿಲ ಮುಂದೆ ಕ್ಯಾರವಾನ್ ಸಮೇತ ಬಂದು ನಿಂತ. “ಅಪ್ಪಾ, ಬಂದ್ಯಲ್ಲ” ಎಂದು ಫೆಮ್ಕೆ ಅವನ ತೋಳು ಹಿಡಿದುಕೊಂಡಳು. ಕಣ್ಣಲ್ಲಿ ನೀರಿತ್ತು. ಫೋನು ಚೀಲದಲ್ಲಿತ್ತು, ಕೇಳಿಸಲಿಲ್ಲ ಎನ್ನುತ್ತಾ ಆಲ್ಚೆ ಅವನ ಟೈ ಸರಿಮಾಡಿದಳು. ಗೆರ್ಬೆನ್ ತನಗಾದ ಅನ್ಯಾಯವನ್ನು ಮೊದಲಿನಿಂದ ಕೊನೆಯವರೆಗೂ ಹೇಳಿದ, ಹೆಚ್ಚುಕಡಿಮೆ ಕೊನೆಯವರೆಗೆ. ಬೀಗರು ಒಥ್ಮಾರ್ ಊರಿನ ಪರವಾಗಿ ಕ್ಷಮೆ ಕೇಳಿದರು. ಅಪ್ಪ ಮಗಳು ತೋಳಿಗೆ ತೋಳು ಕೊಟ್ಟು ಬಾಗಿಲಲ್ಲಿ ನಿಂತರು. ಒಳಗೆ ಆರ್ಗನ್ ವಾದ್ಯ ಶುರುವಾಯಿತು.

ಆರ್ಗನ್ ಮುಗಿಯಿತು. ಮತ್ತೆ ಶುರುವಾಯಿತು. ಹನ್ನೊಂದು ಕಾಲಾಯಿತು. ಒಳಗೆ ನೂರಿಪ್ಪತ್ತು ಜನ ಕೆಮ್ಮತೊಡಗಿದರು.

“ಪಾದ್ರಿಗಳು ಬಂದಿಲ್ಲ” ಎಂದು ಚರ್ಚಿನ ಗಂಟೆ ಬಾರಿಸುವವನು ಬಂದು ಕೈ ಹಿಸುಕಿಕೊಂಡ. “ನಮ್ಮ ಹಳೇ ಪಾದ್ರಿಗಳು ಕಾಲು ಮುರ್ಕೊಂಡಿದಾರಲ್ಲ. ಪಕ್ಕದ ಕಣಿವೆಯಿಂದ ಹೊಸಬರು ಬರ್ಬೇಕು. ಪೋಲೆಂಡಿಂದ ಬಂದು ಮೂರೇ ವಾರ. ದಾರಿ ಗೊತ್ತಿಲ್ಲ, ಜಿಪಿಎಸ್ ಹಾಕ್ಕೊಂಡು ಬರ್ತೀನಿ ಅಂದಿದ್ರು.”

ಗೆರ್ಬೆನ್ ಸೀಟಿ ಊದಿದ ಬಾಯನ್ನು ಕರವಸ್ತ್ರದಿಂದ ಒರೆಸಿಕೊಂಡ.

ಆಗಲೇ ಫೋನು ಬಂತು. ಎಲ್ಲರಿಗೂ ಕೇಳಲಿ ಎಂದು ಗಂಟೆಯವನು ಅದನ್ನು ಎತ್ತಿ ಹಿಡಿದ. ಪದಗಳು ಒಂದೊಂದಾಗಿ ಬಂದವು. “ಕ್ಷಮಿಸಿ. ನನ್ನನ್ನು ವಾಪಸ್ ಕಳಿಸಿದ್ರು. ದೊಡ್ಡ ಅಧಿಕಾರಿ ಇರ್ಬೇಕು, ಜಾಕೆಟ್ ಒಳಗೆ ಸೂಟು, ಟೈ. ಪಾದ್ರಿ ಅಂತ ಹೇಳೋಕೆ ಬಾಯಿ ತೆಗೆದ್ರೆ ಸೀಟಿ. ಈಗ ಹೆದ್ದಾರೀಲಿ ಸಿಕ್ಕಿಕೊಂಡಿದೀನಿ. ಮುಂದಿನ ದಾರಿಗಳೂ ಮುಚ್ಚಿವೆ. ಜಿಪಿಎಸ್ ಇಟಲಿಗೆ ಹೋಗಿ ತಿರುಗು ಅಂತಿದೆ. ಸಂಜೆ ಆರು ಗಂಟೆಗೆ ಪ್ರಯತ್ನ ಮಾಡ್ತೀನಿ.”

“ಸಂಜೆ ಆರು?” ಒಥ್ಮಾರ್‌ರ ಕುತ್ತಿಗೆಯ ನರ ಉಬ್ಬಿತು. “ಹನ್ನೆರಡೂವರೆಗೆ ನೂರಿಪ್ಪತ್ತು ಮೀನು ಹುರೀತಿದಾರೆ ಅಲ್ಲಿ. ಪಾದ್ರೀನ ವಾಪಸ್ ಕಳ್ಸೋ ಆ ದರಿದ್ರ ಅಧಿಕಾರಿ ಯಾವನು? ಅವನ ಹೆಸರು ಗೊತ್ತಾಗ್ಲಿ, ಇದೇ ಗಂಟೆಗೆ ನೇತು ಹಾಕ್ತೀನಿ. ನೀವೇ ಹೇಳಿ ಬೀಗರೇ, ನ್ಯಾಯಾನಾ ಇದು?”

“ಅನ್ಯಾಯ” ಎಂದ ಗೆರ್ಬೆನ್. ಟೈ ಸ್ವಲ್ಪ ಸಡಿಲಿಸಿಕೊಂಡ.

ಪಾಳಿ ಮುಗಿಸಿ, ಗರಿಯ ಟೋಪಿ ಇಟ್ಟುಕೊಂಡು ವೆಂಡೆಲಿನ್ ಮೆಟ್ಟಿಲು ಹತ್ತಿ ಬಂದದ್ದು ಆಗ. ಬೆಳಗಿನ ತಪ್ಪನ್ನು ನಾಲ್ಕು ಜನರ ಮುಂದೆ ತಿದ್ದಿಕೊಳ್ಳುವ ಸಂತೋಷ ಅವನ ಮುಖದಲ್ಲಿತ್ತು. ಬಂದವನೇ ಗೆರ್ಬೆನ್ನನ ಬೆನ್ನು ಚಪ್ಪರಿಸಿದ.

“ಒಥ್ಮಾರ್, ನಿನ್ನ ಬೀಗರು ಚಿನ್ನದಂಥ ಮನುಷ್ಯ ಕಣೋ. ನಾನು ನಿಂಗೆ ಫೋನ್ ಮಾಡೋಕೆ ಹೋದಾಗ ನನ್ನ ಜಾಕೆಟ್ ಹಾಕ್ಕೊಂಡು ಕಂಬ ಕಾದ್ರು. ಕಲೋನಿನ ಹೆಂಗಸೊಬ್ಳು ಎಲ್ಲಾ ಹೇಳಿದ್ಲು. ಪೋಲೆಂಡಿನ ಒಬ್ಬ ಬದ್ಮಾಷ್ ಬಂದು, ನಾನಿಲ್ಲದೆ ಮದುವೇನೇ ಆಗಲ್ಲ ಅಂದನಂತೆ. ನಾನಾಗಿದ್ರೆ ಬಿಟ್ಬಿಡ್ತಿದ್ದೆ. ಇವ್ರು ಬಿಡ್ಲಿಲ್ಲ.”

ಆರ್ಗನ್ ನಾಲ್ಕನೆಯ ಸಲದ ನಡುವೆ ನಿಂತುಹೋಯಿತು. ಫೆಮ್ಕೆ ಅಪ್ಪನ ತೋಳಿನಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಆಲ್ಚೆ ಟೈ ಸರಿಮಾಡಲು ಮತ್ತೆ ಬಂದಳು, ಈ ಸಲ ತುಸು ಬಿಗಿಯಾಗಿ.

ಒಥ್ಮಾರ್ ಬೀಗರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ವೆಂಡೆಲಿನ್ ಕಡೆ ತಿರುಗಿದರು.

“ತಪ್ಪು ನಂದೇ ಕಣೋ. ನೀನು ಫೋನ್ ಮಾಡ್ದಾಗ, ಆ ಮನುಷ್ಯ ಯಾರೋ ಗೊತ್ತಿಲ್ಲ, ಇಟಲಿಗೆ ಕಳಿಸ್ಬಿಡು ಅಂತ ಹೇಳ್ಬೇಕಾಗಿತ್ತು.”