ಹೊಳೆದ ಮಚ್ಚೆ

ಒಂದು ಚಿಟಿಕೆ ಕೊಬ್ಬಿನ ಪುಡಿಗೆ ಕಣಪ್ಪನ ಒಂದು ತಿಂಗಳ ಸಂಬಳ. ಅದರ ಮೈಗೆ ಹೊದಿಸುವ ಪದಾರ್ಥಕ್ಕೆ ಇನ್ನೊಂದು ತಿಂಗಳದ್ದು. ಹಾಗಾಗಿ ಬೆಳಿಗ್ಗೆ ಪ್ರಯೋಗಾಲಯದಲ್ಲಿ ಬಾಟಲಿಯಿಂದ ಒಂದು ತೊಟ್ಟು ಮುಂಗೈ ಮೇಲೆ ಬಿದ್ದಾಗ ಅವನು ಒರೆಸಿಕೊಳ್ಳಲಿಲ್ಲ. ವಾಪಸ್ ಬಾಟಲಿಗೆ ಇಳಿಸಲು ಆಗುತ್ತದೋ ಎಂದು ಕೈಯನ್ನು ಅತ್ತಿತ್ತ ವಾಲಿಸಿ ನೋಡಿದ. ತೊಟ್ಟು ಹರಡಿ ಒಣಗಿತು. ತೊಂದರೆ ಶುರುವಾದದ್ದು ಅಲ್ಲಿಂದ.

ಕಣಪ್ಪ ಅವನ ನಿಜವಾದ ಹೆಸರಲ್ಲ. ಮೂರು ವರ್ಷದಿಂದ ಪ್ರಯೋಗಾಲಯದಲ್ಲಿ ಕಣ, ಕಣ ಎಂದು ಜಪಿಸಿ ಗಿಟ್ಟಿಸಿಕೊಂಡದ್ದು. ಅವನು ಮಾಡುತ್ತಿದ್ದ ನ್ಯಾನೊ ಕಣವೆಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಉಂಡೆ. ಅದರ ಹೊಟ್ಟೆಯಲ್ಲಿ ಔಷಧಿ ಮತ್ತು ನೀಲಿ ದೀಪದಲ್ಲಿ ಹೊಳೆಯುವ ಬಣ್ಣ, ಮೈಮೇಲೆ ಒಂದು ಹೊದಿಕೆ. ಹೊದಿಕೆಯಿರುವ ಕಣ ಚರ್ಮದ ಕ್ಯಾನ್ಸರ್ ಕೋಶಕ್ಕೆ ಮಾತ್ರ ಅಂಟಬೇಕು, ಒಳ್ಳೆಯ ಚರ್ಮವನ್ನು ಮೂಸಿಯೂ ನೋಡಬಾರದು. ಇದನ್ನು ಇವತ್ತು ಮಧ್ಯಾಹ್ನ ಹಣ ಕೊಡುವವರ ತಂಡಕ್ಕೆ ತೋರಿಸಿದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಕಣಪ್ಪ ಸೋಪು ಹಾಕಿ ಕೈ ತಿಕ್ಕಿಕೊಂಡ. ಕತ್ತಲೆ ಕೋಣೆಗೆ ಹೋಗಿ ನೀಲಿ ದೀಪ ಹಿಡಿದ. ಕೈಯೆಲ್ಲ ಕಪ್ಪಗಿತ್ತು, ಮುಂಗೈಯ ಮಚ್ಚೆಯೊಂದು ಮಾತ್ರ ಅಟ್ಟದ ಮೇಲಿನ ಬೆಕ್ಕಿನ ಕಣ್ಣಿನ ಹಾಗೆ ಹಸಿರಾಗಿ ಹೊಳೆಯಿತು.

ಪಕ್ಕದ ಬೆಂಚಿನಲ್ಲಿ ಕೆಲಸ ಮಾಡುವ ಅಕ್ಕ ಅವನ ಹೆಗಲ ಮೇಲಿಂದ ಇಣುಕಿದಳು. "ಅಯ್ಯಯ್ಯೋ! ಇದು ಕ್ಯಾನ್ಸರಿಗೆ ಬಿಟ್ರೆ ಇನ್ಯಾವುದಕ್ಕೂ ಅಂಟಲ್ಲ ಅಂತ ನೀನೇ ತಾನೇ ಕೊಚ್ಕೋತಿದ್ದೆ?"

"ಹೌದಕ್ಕ" ಎಂದ ಕಣಪ್ಪ. ಮಚ್ಚೆಯನ್ನು ಉಗುರಿನಿಂದ ಕೆರೆದು ನೋಡಿದ.

ಸುದ್ದಿ ಕೇಳಿ ಮೇಷ್ಟ್ರು, ಅಂದರೆ ಪ್ರಯೋಗಾಲಯದ ಮುಖ್ಯಸ್ಥರು, ಓಡಿ ಬಂದರು. ಮಚ್ಚೆ ನೋಡಿ ಅವರ ಮುಖ ಅರಳಿತು. "ಶಭಾಷ್! ಮನುಷ್ಯನ ಮೇಲೆ ಸಿಕ್ಕ ಮೊದಲ ಸಾಕ್ಷಿ!"

"ಸಾರ್, ಆ ಮನುಷ್ಯ ನಾನು."

"ಅದೇ ಅನುಕೂಲ ಕಣಯ್ಯ. ಮಧ್ಯಾಹ್ನ ಬೇರೆ ಯಾರನ್ನೂ ಹುಡುಕೋ ಹಾಗಿಲ್ಲ."

ಕಣಪ್ಪ ಹೆಂಡತಿಗೆ ಫೋನ್ ಮಾಡಿ ವಿಷಯ ಹೇಳಿದ.

"ಆ ಮಚ್ಚೆ ನಮ್ಮ ಮದುವೆಗಿಂತ ಹಳೇದು. ನಿಮ್ಮ ಕಣಕ್ಕೇ ಬುದ್ಧಿ ಇಲ್ಲ, ಬಿಡಿ" ಎಂದಳು ಅವಳು.

"ಹಾಗನ್ಬೇಡ ಕಣೇ. ಕಣಕ್ಕೆ ಬುದ್ಧಿ ಇಲ್ಲದಿದ್ರೆ ನನ್ನ ಕೆಲಸ ಹೋಗುತ್ತೆ."

"ಇದ್ರೆ ನೀವೇ ಹೋಗ್ತೀರಲ್ರೀ! ಮೊದಲು ಡಾಕ್ಟರ ಹತ್ರ ನಡೀರಿ."

ಎದುರಿನ ಆಸ್ಪತ್ರೆಯ ಚರ್ಮದ ಡಾಕ್ಟರಮ್ಮ ಭೂತಗನ್ನಡಿ ಹಿಡಿದು ಮಚ್ಚೆಯನ್ನು ಎಲ್ಲ ಕಡೆಯಿಂದ ನೋಡಿದರು. "ಮಾಮೂಲಿ ಮಚ್ಚೆ. ಏನೂ ಇಲ್ಲ, ಹೋಗಿ."

"ಇನ್ನೊಂದ್ಸಲ ನೋಡಿ ಡಾಕ್ಟ್ರೇ. ಅಂಚಿನಲ್ಲಿ, ಎಲ್ಲೋ ಒಂಚೂರು..."

"ಏನ್ರೀ ಇದು, ತರಕಾರಿ ಅಂಗಡೀಲಿ ಕೊಸರು ಕೇಳಿದ ಹಾಗೆ ಕ್ಯಾನ್ಸರ್ ಕೇಳ್ತಿದ್ದೀರಿ!"

ರಸ್ತೆಗೆ ಬಂದಾಗ ಕಣಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಜೀವ ಉಳಿದಿತ್ತು, ಆದರೆ ಮೂರು ವರ್ಷದ ಕೆಲಸ ನೀರಿಗೆ ಬಿದ್ದಿತ್ತು. ಪ್ರಯೋಗಾಲಯಕ್ಕೆ ಮರಳುವಷ್ಟರಲ್ಲಿ ಹಣ ಕೊಡುವವರ ತಂಡವೂ ಬಂದು ಕೂತಿತ್ತು. ಸುಳ್ಳು ಹೇಳಿ ಔಷಧಿ ಮಾರುಕಟ್ಟೆಗೆ ಹೋದರೆ ಯಾರ ಗತಿ ಏನೋ ಎಂದು ಅವನು ನೇರವಾಗಿ ಅವರ ಮುಂದೆ ಹೋಗಿ ನಿಂತ. "ನಮ್ಮ ಕಣ ಒಳ್ಳೇ ಚರ್ಮಕ್ಕೂ ಅಂಟುತ್ತೆ. ಇದೋ, ನನ್ನ ಕೈ."

ಮೇಷ್ಟ್ರ ಮುಖ ಸೋರಿದ ಬಲೂನಾಯಿತು. ತಂಡದ ಹಿರಿಯಮ್ಮ ಕನ್ನಡಕ ತೆಗೆದು ಚೀಲಕ್ಕೆ ಹಾಕಿಕೊಂಡರು.

ಅಷ್ಟರಲ್ಲಿ ಅಕ್ಕ ಏದುಸಿರು ಬಿಡುತ್ತ ಒಳಗೆ ಬಂದಳು. "ತಡೀರಿ! ಬೆಳಿಗ್ಗೆ ಚೆಲ್ಲಿದ್ದು ನನ್ನ ಬಾಟಲಿ. ಹೋಲಿಸಿ ನೋಡೋಕೆ ಅಂತ ಹೊದಿಕೆ ಇಲ್ಲದ ಕಣಾನೂ ಮಾಡಿದ್ದೆ. ಬಾಟಲಿ ಇಡೋ ನನ್ನ ತಟ್ಟೇಲಿ ಜಾಗ ಇರ್ಲಿಲ್ಲ, ಇವನ ತಟ್ಟೇಲಿ ಇಟ್ಟಿದ್ದೆ. ಬೋಳು ಕಣ ಅಲ್ವಾ, ಮಚ್ಚೆ ಥರ ಒರಟು ಸಿಕ್ಕಿದ ಕಡೆ ಕೂತ್ಕೊಳ್ಳುತ್ತೆ."

"ಹಾಗಾದ್ರೆ ನಿಜವಾದದ್ದನ್ನ ತೋರಿಸಿ" ಎಂದರು ಹಿರಿಯಮ್ಮ.

ಮೇಷ್ಟ್ರ ಕತ್ತಿನಲ್ಲೂ ಒಂದು ಮಚ್ಚೆ ಇತ್ತು. ಬೆಳಗಿನ ಉತ್ಸಾಹ ಈಗ ಅವರಲ್ಲಿ ಕಾಣಲಿಲ್ಲ. ಇಬ್ಬರು ಸೇರಿ ಅವರ ಕತ್ತು ಬಗ್ಗಿಸಬೇಕಾಯಿತು. ಹೊದಿಕೆಯ ಕಣ ಹಚ್ಚಿ, ತೊಳೆದು, ಕೋಣೆ ಕತ್ತಲಾಗಿಸಿ ನೀಲಿ ದೀಪ ಹಿಡಿದರು. ಮಚ್ಚೆ ಹೊಳೆಯಲಿಲ್ಲ, ಎಲ್ಲ ಕತ್ತಲು. ಮೇಷ್ಟ್ರು ಬಿಟ್ಟ ಉಸಿರಿಗೆ ಕಿಟಕಿಯ ಪರದೆ ಅಲ್ಲಾಡಿತು.

"ಕಣ ಚೆನ್ನಾಗಿದೆ. ಹಣ ಕೊಡ್ತೀವಿ" ಎಂದರು ಹಿರಿಯಮ್ಮ. "ಆದರೆ ಎರಡು ಬಾಟಲಿಗಿರೋ ವ್ಯತ್ಯಾಸ ಗೊತ್ತಿರೋರ ಕೈಗೆ ಕೊಡ್ತೀವಿ. ಇವರ ಜಾಗದಲ್ಲಿ ಈ ಅಮ್ಮನೇ ನೋಡಿಕೊಳ್ಳಲಿ."

"ಖಂಡಿತ, ಖಂಡಿತ" ಎಂದರು ಮೇಷ್ಟ್ರು ಕತ್ತು ಒರೆಸಿಕೊಳ್ಳುತ್ತ.

"ಬೇಜಾರು ಮಾಡ್ಕೋಬೇಡ್ವೋ" ಎಂದಳು ಅಕ್ಕ. ಕಣಪ್ಪನ ತಟ್ಟೆಯನ್ನು ಆಗಲೇ ತನ್ನ ಬೆಂಚಿಗೆ ಎತ್ತಿಕೊಂಡಿದ್ದಳು.

ಸಂಜೆ ಬಾಗಿಲಲ್ಲೇ ಹೆಂಡತಿ ಕೇಳಿದಳು, "ಏನಾಯ್ತು ರೀ?"

"ಕ್ಯಾನ್ಸರ್ ಇಲ್ಲ" ಎಂದ ಕಣಪ್ಪ, ಚಪ್ಪಲಿ ಬಿಡುತ್ತ. "ಕೆಲಸವೂ ಇಲ್ಲ."