ಮಂಡ್ಯದವನು ಟಗ್ಗು ಹತ್ತಿದ್ದು

ಕಾಲುವೆ ನೀರಿನಲ್ಲಿ ಎಮ್ಮೆ ತೊಳೆದುಕೊಂಡಿದ್ದವನು ಸಮುದ್ರಕ್ಕೆ ಹೋದರೆ ನಗೆಪಾಟಲಿಗೆ ಬರವೇ ಇರುವುದಿಲ್ಲ. ನನಗಂತೂ ದಿನಕ್ಕೊಂದಾದರೂ ಆಗುತ್ತಿತ್ತು. ಎರಡನೆಯ ಮಹಾಯುದ್ಧ ಶುರುವಾದ ಮಾರನೆಯ ವರ್ಷ ನಮ್ಮ ಬೀದಿಯ ಮೆಕ್ಯಾನಿಕ್ ಸಾಹೇಬರು ಹಡಗಿನ ಕೆಲಸಕ್ಕೆಂದು ಬೊಂಬಾಯಿಗೆ ಹೊರಟರು. ಸಕ್ಕರೆ ಕಾರ್ಖಾನೆಯ ಬಾಯ್ಲರಿಗೆ ಕಬ್ಬಿನ ಸಿಪ್ಪೆ ತುಂಬುತ್ತಿದ್ದ ನನ್ನನ್ನೂ ಕರೆದರು. ಮದುವೆಯಾಗಿ ಆರು ತಿಂಗಳಾಗಿತ್ತು. "ಒಂದೇ ವರ್ಸ, ಬಂದ್ಬುಡ್ತೀನಿ" ಎಂದು ಹೆಂಡತಿಗೆ ಮಾತು ಕೊಟ್ಟು ಹೊರಟೆ. ಮಾತು ಕೊಡುವುದಕ್ಕೇನು, ಬಾಯಿ ತಾನೆ.

ಕಾರ್ಖಾನೆಯ ಅಭ್ಯಾಸ

ಬಂದರಿನಲ್ಲಿ ದೊಡ್ಡ ಹಡಗೊಂದು ನಿಂತಿತ್ತು. ಅದೇ ನಮ್ಮದೆಂದು ಎದೆಯುಬ್ಬಿಸಿ ನಡೆದೆ. ಸಾಹೇಬರು ತೋಳು ಹಿಡಿದು ಪಕ್ಕದ ತುಕ್ಕು ಹಿಡಿದ ಕುಳ್ಳನೆಯದನ್ನು ತೋರಿಸಿದರು. ಅದು ಟಗ್ಗು. ತಾನು ಸರಕು ಹೊರದೆ, ಸರಕು ತುಂಬಿದ ದೋಣಿಗಳಿಗೆ ಹಗ್ಗ ಕಟ್ಟಿ ಕಡಲಾಚೆಯ ಬಸ್ರಾದವರೆಗೂ ಎಳೆದೊಯ್ಯುವ ಹಳೇ ಹಡಗು.

"ಇದಾ?" ಅಂದೆ.

"ಇದು ಎತ್ತು ಕಣ್ಲಾ. ಗಾಡಿ ಹಿಂದ್ಗಡೆ ಐತೆ ನೋಡು."

ಒಲೆಯ ಕೆಲಸ ನನಗೆ. ಸಿಪ್ಪೆಯನ್ನು ತುರುಕಿದಷ್ಟೂ ಉರಿ ಬರುತ್ತದೆ; ಕಲ್ಲಿದ್ದಲನ್ನು ತೆಳ್ಳಗೆ ಹರಡಬೇಕು. ಇದು ನನಗೇನು ಗೊತ್ತು? ಬಾಗಿಲವರೆಗೂ ತುರುಕಿದೆ. ಬೆಂಕಿ ಉಸಿರು ಕಟ್ಟಿ ಮಂಕಾಯಿತು, ಆವಿ ಇಳಿಯಿತು, ಟಗ್ಗು ಬಂದರಿನ ಬಾಯಲ್ಲೇ ನಿಂತಿತು. ಹಿಂದಿನ ದೋಣಿಗೆ ನಾವು ನಿಂತದ್ದು ಗೊತ್ತಾಗಬೇಕಲ್ಲ? ಬಂದ ರಭಸದಲ್ಲೇ ತೇಲಿಕೊಂಡು ಬಂದು ನಮ್ಮ ಬೆನ್ನಿಗೆ ಧಡಾರನೆ ಗುದ್ದಿತು.

ಕಪ್ತಾನ ಮೇಲಿಂದ ಬಗ್ಗಿ, ಇಷ್ಟು ಚೆನ್ನಾಗಿ ದೋಣಿಯೇ ನಮ್ಮನ್ನು ತಳ್ಳುವುದಾದರೆ ನಿನಗೆ ಸಂಬಳ ಯಾಕೆ ಎಂದು ಕೇಳಿದ.

ದೀಪಸ್ತಂಭ

ಒಂದು ವರ್ಷ ಕಳೆಯಿತು, ಎರಡಾಯಿತು. ಯುದ್ಧದ ಸರಕು ಹೆಚ್ಚಿತು, ರಜೆ ಕೇಳಿದವರಿಗೆಲ್ಲ ಬೈಗುಳ ಸಿಕ್ಕಿತು. ಮೂರನೆಯ ವರ್ಷ ಹೆಂಡತಿಯ ಕಾಗದ ಬಂತು, ಮೇಷ್ಟರ ಕೈಯಲ್ಲಿ ಬರೆಸಿದ್ದು. "ಈ ಸುಗ್ಗಿಗೆ ನೀವು ಬಾರದಿದ್ದಲ್ಲಿ ನಮ್ಮ ತಂದೆಯವರು ನನ್ನನ್ನು ಮಳವಳ್ಳಿಗೆ ಕರೆದುಕೊಂಡು ಹೋಗುತ್ತಾರೆ, ಮತ್ತೆ ಕಳುಹಿಸುವುದಿಲ್ಲವಂತೆ." ಕಾಗದ ಊರೂರು ಸುತ್ತಿ ನನ್ನ ಕೈ ಸೇರುವಷ್ಟರಲ್ಲಿ ಆ ಸುಗ್ಗಿ ಮುಗಿದು ಹೋಗಿತ್ತು.

ಮಾರನೆಯ ದಿನವೇ ಬಸ್ರಾಕ್ಕೆ ಹೊರಟೆವು. ಎದುರುಗಾಳಿ. ಬೆಳಿಗ್ಗೆ ಒಂದು ದೀಪಸ್ತಂಭ ದಾಟಿದ್ದೆವು. ನಾಲ್ಕು ಗಂಟೆ ಹೊತ್ತು ಮೈಮುರಿದು ಇದ್ದಲು ಹಾಕಿ ಮೇಲೆ ಬಂದು ನೋಡುತ್ತೇನೆ, ದೀಪಸ್ತಂಭ ನಮ್ಮ ಮುಂದಿದೆ! ಅಷ್ಟು ಉರಿಸಿದರೂ ಗಾಳಿ ನಮ್ಮನ್ನು ಹಿಂದಕ್ಕೆ ನೂಕಿತ್ತು. ಹೀಗಾದರೆ ಬಸ್ರಾ ಮುಟ್ಟುವುದು ಯಾವಾಗ, ತಿರುಗಿ ಬಂದು ಅವಳ ಮುಖ ನೋಡುವುದು ಯಾವಾಗ? ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ.

ಸಾಹೇಬರು ಬಂದು ಪಕ್ಕ ಕೂತರು. "ಯಾಕ್ಲಾ ಅಳೀಯೆ? ಬೆಳಗ್ಗೆಗಿಂತ ನಿನ್ನ ಎಂಡ್ರಿಗೆ ಎರಡ್ ಮೈಲಿ ಅತ್ರ ಆಗಿದ್ದೀಯ!"

ಮಳವಳ್ಳಿಯಿಂದ

ನಾಲ್ಕು ವರ್ಷಕ್ಕೆ ಬಿಡುಗಡೆ ಸಿಕ್ಕಿತು. ಮನೆಗೆ ಬಂದರೆ ಅವ್ವ ಒಬ್ಬಳೇ. ನೀರೂ ಕುಡಿಯದೆ ಮಳವಳ್ಳಿಯ ಬಸ್ಸು ಹತ್ತಿದೆ.

ಮಾವ ಜಗಲಿಯಲ್ಲಿ ಕೂತಿದ್ದರು. ಕೂತ್ಕೋ ಅನ್ನಲಿಲ್ಲ.

"ಏನ್ ಕೆಲ್ಸ ಮಾಡ್ತಿದ್ದೆ ಅಷ್ಟ್ ವರ್ಸ?"

"ಸರಕಿನ ದೋಣಿ ಎಳೀತಿದ್ದೆ, ಮಾವ."

"ಕಂಡೋರ್ದೆಲ್ಲ ಎಳೆದೆ. ನಿನ್ ಸಂಸಾರ ಯಾರ್ಲಾ ಎಳೀಬೇಕು?"

ಇನ್ನು ಅವಳು ನನ್ನವಳಲ್ಲ ಎಂದುಕೊಂಡೆ. ಅಷ್ಟರಲ್ಲಿ ಬಟ್ಟೆ ಗಂಟು ಹಿಡಿದು ಅವಳೇ ಹೊರಗೆ ಬಂದಳು. "ಬುಡಪ್ಪ, ಆಮೇಲ್ ಬೈಯೀವಂತೆ. ಬಸ್ಸು ಓಯ್ತದೆ" ಎಂದು ಮೆಟ್ಟಿಲಿಳಿದೇ ಬಿಟ್ಟಳು.

ನಾನು ಮುಂದೆ, ಅವಳು ಹಿಂದೆ. ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡಿದೆ. ಮತ್ತೆ ನೋಡಿದೆ.

"ಅದೇನ್ ಅಂಗ್ ನೋಡೀಯೆ? ಓಡೋಯ್ತೀನಾ?"

ಹೇಳಿದೆ. ಟಗ್ಗಿನಲ್ಲಿ ಹಿಂದಿನ ದೋಣಿ ಬರುತ್ತಿದೆಯೋ, ಹಗ್ಗ ಕಿತ್ತು ಹೋಯಿತೋ ಎಂದು ತಿರುಗಿ ತಿರುಗಿ ನೋಡಬೇಕು, ಕತ್ತಿಗೆ ಅದೇ ರೂಢಿಯಾಗಿದೆ ಅಂದೆ.

ಅವಳು ಗಂಟನ್ನು ನನ್ನ ತಲೆಯ ಮೇಲಿಟ್ಟಳು. "ಅಂಗಾರೆ ನೀನೇ ಇಂದೆ ಬಾ" ಎಂದು ಮುಂದೆ ನಡೆದಳು.

ಹೆಂಡತಿ ಮುಂದೆ, ತಲೆ ಮೇಲೆ ಗಂಟು ಹೊತ್ತ ಗಂಡ ಹಿಂದೆ! ಪೇಟೆಯೇ ಅಂಗಡಿ ಬಿಟ್ಟು ಹೊರಗೆ ಬಂದು ನಿಂತಿತು. "ಯಾವ್ ದೇವ್ರ ಮೆರವಣಿಗೆ ಅಣ್ಣೋ?" ಎಂದು ಒಬ್ಬ ಕೂಗಿದ. ನನಗೆ ಅದ್ಯಾವುದರ ಪರಿವೆಯೂ ಇರಲಿಲ್ಲ. ಅವಳ ಬೆನ್ನು ನೋಡಿಕೊಂಡೇ ನಡೆದೆ. ಅವಳು ಮಾತ್ರ ಒಂದು ಸಲವೂ ಹಿಂದೆ ತಿರುಗಲಿಲ್ಲ.

ಬಸ್ಸಿನಲ್ಲಿ ಕೂತ ಮೇಲೆ ಸ್ವಲ್ಪ ಮುನಿಸಿನಿಂದಲೇ ಕೇಳಿದೆ: "ನಾನ್ ಬತ್ತಾ ಇದ್ದೀನೋ ಇಲ್ವೋ ಅಂತ ಒಂದಪನಾದ್ರೂ ತಿರುಗಿ ನೋಡ್ಬಾರ್ದಾ?"

"ನಾಲ್ಕ್ ವರ್ಸ ನೋಡಿದ್ದೆ, ನೀನು ಬರ್ನಿಲ್ಲ," ಅಂದಳು. "ಇವತ್ತು ನೋಡ್ನಿಲ್ಲ, ಬಂದ್ಬುಟ್ಟೆ."