ಬೇಕರಿ ಮುಂದಿನ ಬೆಂಚು

ದಿನಚರಿಯ ಹೊಸ ಪುಟದಲ್ಲಿ ಹೆಸ್ಟರ್ ಪಿಲ್ಬೀಮ್ ಹಳೆಯ ಪ್ರಶ್ನೆಯನ್ನೇ ಮತ್ತೆ ಬರೆದಳು: 'ಆವತ್ತು ನಾನು ನಕ್ಕದ್ದು ಅವರಿಗೆ ಕೇಳಿಸಿತೇ?'

ಆವತ್ತು ಎಂದರೆ ಕಳೆದ ತಿಂಗಳ ಒಂದು ಮಧ್ಯಾಹ್ನ. ಹೆಸ್ಟರಳ ಮನೆ ಎಂದರೆ ಆಸ್ಟರ್‌ಬ್ರಿಜ್ ಪೇಟೆಬೀದಿಯ ಬೇಕರಿಯ ಮೇಲಿನ ಒಂದೇ ಕೋಣೆ. ಕಿಟಕಿಯ ನೇರ ಕೆಳಗೆ ಪುರಸಭೆಯ ಹಸಿರು ಬೆಂಚು. ಊಟ ಮುಗಿಸಿ ಡೊರೀನ್, ಮೇವಿಸ್ ಎಂಬ ಇಬ್ಬರು ಅಜ್ಜಿಯರು ಅಲ್ಲಿ ಬಂದು ಕೂತರೆ ಚಹಾದ ಹೊತ್ತಿನವರೆಗೆ ಏಳುತ್ತಿರಲಿಲ್ಲ. ಮೇಲೆ ಹೆಸ್ಟರ್ ಬೇರೆಯವರು ಬರೆದ ಪುಸ್ತಕಗಳ ಅಚ್ಚಿನ ತಪ್ಪು ತಿದ್ದುತ್ತಿದ್ದಳು. ಅದು ಹೊಟ್ಟೆಪಾಡು. ಕಿಟಕಿ ತೆರೆದಿಟ್ಟು ಕೆಳಗಿನ ಮಾತು ಕೇಳುವುದು ಬದುಕು. ಪದವಿ ಮುಗಿಸಿ ಈ ಊರಿಗೆ ಬಂದ ಮೇಲೆ ಅವಳು ಜನರೊಡನೆ ಆಡಿದ ಮಾತನ್ನೆಲ್ಲ ಒಟ್ಟು ಮಾಡಿದರೆ ಒಂದು ಬಸ್ ಟಿಕೆಟ್ಟಿನ ಬೆನ್ನ ಮೇಲೆ ಬರೆದು ಮುಗಿಸಬಹುದಿತ್ತು.

ಆ ಮಧ್ಯಾಹ್ನ ಡೊರೀನಳ ತಂಗಿಯ ಕತೆ ನಡೆದಿತ್ತು. ಎಪ್ಪತ್ತು ದಾಟಿದ ತಂಗಿಗೆ, ಬಸ್ ಓಡಿಸಿ ಟಿಕೆಟ್ಟೂ ತಾನೇ ನೋಡುವ ನಾರ್ಮನ್ ಮೇಲೆ ಮನಸ್ಸಾಗಿ, ವಯಸ್ಸಾದವರ ಉಚಿತ ಪಾಸು ಹಿಡಿದು ವಾರವಿಡೀ ಅವನ ಬಸ್ಸಿನಲ್ಲೇ ಸುತ್ತುತ್ತಿದ್ದಳಂತೆ. ಕೊನೆಗೊಂದು ದಿನ ನಾರ್ಮನ್ ಮದುವೆ ಕೇಳುವ ಧೈರ್ಯ ಮಾಡಿ, ಕೊನೆಯ ನಿಲ್ದಾಣದಲ್ಲಿ ಮಂಡಿಯೂರಿ ಕೂತು ಅವಳ ಮುಖ ನೋಡಿದನಂತೆ.

"ಕೂತವನ ಬಾಯಿಂದ ಬಂದಿದ್ದೇನು ಗೊತ್ತೇನೇ?" ಎಂದಳು ಡೊರೀನ್. "ಅಭ್ಯಾಸ ನೋಡು. 'ಪಾಸ್ ತೋರ್ಸಿ' ಅಂದ್ಬಿಟ್ಟ."

ಮೇಲಿನಿಂದ ಹೆಸ್ಟರ್ ಫಕ್ಕನೆ ನಕ್ಕುಬಿಟ್ಟಳು. ನಕ್ಕ ಗಾಬರಿಗೆ ಕಿಟಕಿಯನ್ನು ದಢಾರನೆ ಎಳೆದು ಮುಚ್ಚಿದಳು. ಅಂದಿನಿಂದ ತೆರೆಯಲು ಮುಖವಿಲ್ಲ. ಗಾಜಿಗೆ ಕಿವಿಯಿಟ್ಟರೆ ಮಡಕೆಯೊಳಗೆ ಸಿಕ್ಕಿಕೊಂಡ ದುಂಬಿಯಂತೆ ಗುಂಯ್ ಎನ್ನುವುದಷ್ಟೇ ಕೇಳಿಸುತ್ತಿತ್ತು. ತಂಗಿ ಏನೆಂದಳೋ ಅವಳಿಗೆ ತಿಳಿಯಲೇ ಇಲ್ಲ.

ದಿನಚರಿ ಮುಚ್ಚಿ ಬ್ರೆಡ್ಡು ತರಲು ಕೆಳಗಿಳಿದಳು. ಬೇಕರಿಗೂ ಮೇಲಿನ ಕೋಣೆಗೂ ಒಡತಿಯಾದ ಬ್ರೆಂಡಾ ಅವಳಿಗೇ ಕಾದಿದ್ದಳು.

"ಬಾ ಚಿನ್ನಾ. ಅಂತೂ ಇವತ್ತು ಸಂಜೆ ನಿನ್ನ ಕಷ್ಟ ಮುಗೀತು. ಬೆಂಚು ಎತ್ತಿ ಸ್ಮಶಾನದ ಗೇಟಿನ ಹತ್ರ ಹಾಕ್ತಾರಂತೆ. ಪುರಸಭೇಲಿ ವಿಷಯ ಬರುತ್ತೆ."

ಹೆಸ್ಟರಳ ಕೈಯ ಚಿಲ್ಲರೆ ಕೆಳಗುರುಳಿತು. "ಯಾಕೆ?"

"ಯಾಕೆ ಅಂತೆ. ಯಾರೋ ಅರ್ಜಿ ಕೊಟ್ಟಿದಾರಪ್ಪ." ಬ್ರೆಂಡಾ ಕಣ್ಣು ಮಿಟುಕಿಸಿದಳು. "ಹೇಳ್ಬೇಡ ಬಿಡು, ಅರ್ಥ ಆಯ್ತು. ಬಾಯಿ ಇಲ್ದಿದ್ರೂ ಪೆನ್ನು ಇದೆ ನಿಂಗೆ. ದಿನಾ ತಲೆ ಮೇಲೆ ಆ ಎರಡು ರೇಡಿಯೋ ಕೇಳೋಕಾಗುತ್ತಾ?"

"ತಲೆ ಮೇಲಲ್ಲ, ಕೆಳಗೆ," ಎಂದಳು ಹೆಸ್ಟರ್. ತಿದ್ದಬೇಕಾದದ್ದು ಬೇರೆಯೇ ಇತ್ತು. ತುಟಿಗೆ ಬಂದದ್ದು ಇದು.

"ಸಭೆಗೆ ಬಂದು ಒಂದು ಮಾತಾಡು, ಕೆಲಸ ಗಟ್ಟಿಯಾಗುತ್ತೆ. ಹಾಗೇ ನನ್ನ ಛಾವಣಿ ಪಾರಿವಾಳದ ವಿಷಯಾನೂ ಎತ್ತು. ನಾನು ಕೇಳಿದ್ರೆ ಮೇಯರು ಕಿವೀಲಿ ಹತ್ತಿ ಇಟ್ಕೋತಾನೆ." ಕೈಗೊಂದು ಒಣದ್ರಾಕ್ಷಿ ಬನ್ನು ತುರುಕಿದಳು. ಲಂಚ.

ಹೊರಗೆ ಪಕ್ಕದ ಮನೆಯ ಮಿಸ್ಟರ್ ಫೆನ್ ಸಿಕ್ಕರು. ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಊರಿಗೆಲ್ಲ ಸಲಹೆ ಬಟವಾಡೆ ಮಾಡುವವರು.

"ಅರ್ಜಿ ಕೊಟ್ಟಿದ್ದು ಒಳ್ಳೇದಾಯ್ತು ಮಗು. ನಮ್ಮಂಥ ಸಾರ್ವಜನಿಕರಿಗೆ ಮೂರು ನಿಮಿಷ ಕೊಡ್ತಾರೆ. ರಸ್ತೆ ಗುಂಡಿ ಅನ್ನಬೇಡ, ಅದು ಜಿಲ್ಲೆಯವರದ್ದು. ಕಸ ಅನ್ನಬೇಡ, ಅದು ಇನ್ಯಾರದ್ದೋ. ಬೆಂಚು ನಮ್ಮದು, ಹೂಕುಂಡ ನಮ್ಮದು, ಶೌಚಾಲಯ ನಮ್ಮದು. ಅಂದ ಹಾಗೆ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ. ಅದನ್ನೂ ಸೇರಿಸಿಬಿಡು. ಒಳಗೆ ಹೋದವನು ಎಷ್ಟು ಹೊತ್ತು ಅಂತ ಹಾಡ್ತಾ ಕೂರೋದು?"

ನಾನು ಅರ್ಜಿ ಕೊಟ್ಟಿಲ್ಲ ಎನ್ನಲು ಹೆಸ್ಟರ್ ಬಾಯಿ ತೆರೆದಳು. ಬಾಯೊಳಗೆ ಬನ್ನಿತ್ತು.

ಮಧ್ಯಾಹ್ನವಿಡೀ ಅವಳು ಮುಚ್ಚಿದ ಕಿಟಕಿಯ ಹಿಂದೆ ನಿಂತಿದ್ದಳು. ಕೆಳಗೆ ಎರಡು ಉಣ್ಣೆ ಟೋಪಿಗಳು ಒಂದರ ಕಡೆಗೊಂದು ವಾಲಿದ್ದವು. ಊರೆಲ್ಲ ಅವಳೇ ದೂರಿದ್ದು ಅಂದುಕೊಂಡಿದೆ. ಇವರೂ ಹಾಗೇ ಅಂದುಕೊಂಡಿರುತ್ತಾರೆ. ಬೆಂಚು ಹೋದರೆ ಬದುಕಿನಲ್ಲಿ ಉಳಿಯುವ ಧ್ವನಿ ನೀರು ಕಾಯುವ ಕೆಟಲಿನದೊಂದೇ. 'ಬೆಂಚು ಇಲ್ಲೇ ಇರಲಿ.' ಮೂರೇ ಪದ. ಕನ್ನಡಿಯೆದುರು ಹೇಳಿ ನೋಡಿದಳು. ಸಲೀಸಾಗಿ ಬಂತು. ಕನ್ನಡಿಯೆದುರು ಎಲ್ಲವೂ ಸಲೀಸು.

ಆಸ್ಟರ್‌ಬ್ರಿಜ್ ಪುರಸಭೆ ಹಳೆಯದು. ಯಾವುದೋ ಕಾಲದ ದೊರೆ ಗುರುವಾರದ ಸಂತೆ ನಡೆಸಲು ಸನ್ನದು ಕೊಟ್ಟಾಗ ಹುಟ್ಟಿದ್ದು. ಒಂದು ಕಾಲದಲ್ಲಿ ತೂಕದಲ್ಲಿ ಮೋಸ ಮಾಡಿದವನನ್ನು ಕಟ್ಟಿಹಾಕುವ ಅಧಿಕಾರವೂ ಇತ್ತಂತೆ. ಆಮೇಲೆ ಸಂತೆ ಹೋಯಿತು, ನ್ಯಾಯ ಹೋಯಿತು, ರಸ್ತೆ, ಶಾಲೆ, ನೀರು ಒಂದೊಂದಾಗಿ ಮೇಲಿನ ದೊಡ್ಡ ಕಚೇರಿಗಳ ಪಾಲಾದವು. ಆಸ್ತಿಯೆಲ್ಲ ಕರಗಿದರೂ ಹೆಗಲ ಮೇಲಿನ ಶಾಲು ಬಿಡದ ಮನೆತನದ ಹಾಗೆ, ಪುರಸಭೆ ತನ್ನ ಬೆಳ್ಳಿಯ ಗದೆಯನ್ನೂ ಮೇಯರನ ಚಿನ್ನದ ಸರಪಳಿಯನ್ನೂ ಉಳಿಸಿಕೊಂಡಿತ್ತು. ಬೆಂಚಿನ ವಿಷಯ ಬಂದರೂ ಗದೆ ಮೇಜಿನ ಮೇಲೆ ಬರಲೇಬೇಕು. ಅದನ್ನು ಕಂಡು ಕೆಲವರು ನಗುತ್ತಿದ್ದರು. ಹೆಸ್ಟರಳಿಗೆ ನಗು ಬರಲಿಲ್ಲ. ಅವಳ ಇಡೀ ಲೋಕ ಆ ಮೇಜಿನ ಮೇಲೆಯೇ ಇತ್ತು.

ಸಭಾಂಗಣದ ಸಾರ್ವಜನಿಕರ ಸಾಲಿನಲ್ಲಿ ಡೊರೀನ್, ಮೇವಿಸ್ ಮೊದಲೇ ಬಂದು ಕೂತಿದ್ದರು, ಚರ್ಚಿಗೆ ಹಾಕುವ ಟೋಪಿಯಲ್ಲಿ. ಅವಳನ್ನು ನೋಡಿ ಮೆಲ್ಲಗೆ ತಲೆದೂಗಿದರು. ಎಷ್ಟು ಸಭ್ಯವಾದ ಕೋಪ ಅಂದುಕೊಂಡಳು ಹೆಸ್ಟರ್.

ಮೇಯರ್ ಬೇಸಿಲ್ ಟ್ರಾಟ್ ಹಗಲಲ್ಲಿ ಮಾಂಸದಂಗಡಿಯವರು, ಕೊರಳಲ್ಲಿ ಸರಪಳಿ ಬಿದ್ದರೆ ದೊರೆ. ಕಾರ್ಯದರ್ಶಿ ಮಿಸ್ಟರ್ ಪೆನ್ನಿ ಮೊಟ್ಟೆ ಬೇಯಿಸುವಾಗ ಇಡುವ ಪುಟ್ಟ ಮರಳುಗಡಿಯಾರವನ್ನು ತಿರುಗಿಸಿಟ್ಟು, "ಸಾರ್ವಜನಿಕರು ಮಾತಾಡಬಹುದು," ಎಂದರು.

ಹಿಂದಿನಿಂದ ಬ್ರೆಂಡಾ ತಿವಿದಳು. ಹೆಸ್ಟರ್ ಎದ್ದಳು. "ನಾನು..."

ಮರಳು ಸುರಿಯಿತು.

"ಪಾರಿವಾಳ," ಎಂದು ಪಿಸುಗುಟ್ಟಿದಳು ಬ್ರೆಂಡಾ. "ಚಿಲಕ," ಎಂದರು ಮಿಸ್ಟರ್ ಫೆನ್. ಮರಳಿನ ಕೊನೆಯ ಕಾಳು ಬೀಳುವ ಮುಂಚೆ ಹೆಸ್ಟರ್ ಕಣ್ಣು ಮುಚ್ಚಿ ಹೇಳಿಯೇಬಿಟ್ಟಳು:

"ಪಾರಿವಾಳಕ್ಕೆ ಚಿಲಕ ಇಲ್ಲ."

ಮಿಸ್ಟರ್ ಪೆನ್ನಿ ಮುಖದ ಒಂದು ಗೆರೆಯೂ ಅಲುಗದಂತೆ ಅದನ್ನು ಬರೆದುಕೊಂಡರು. ಸಮಯ ಮುಗಿದಿತ್ತು.

"ಮುಂದಿನದು ಖಾಲಿ ಬಿದ್ದಿರೋ ಸದಸ್ಯ ಸ್ಥಾನ," ಎಂದರು ಮೇಯರು. "ಚುನಾವಣೆ ಬೇಕು ಅಂತ ಊರಲ್ಲಿ ಯಾರೂ ಕೇಳಿಲ್ಲ, ಹಾಗಾಗಿ ನಿಯಮದಂತೆ ನಾವೇ ಒಬ್ಬರನ್ನ ಸೇರಿಸ್ಕೋಬೇಕು. ಯಾರೂ ಮುಂದೆ ಬಂದಿಲ್ಲ, ಎಂದಿನ ಹಾಗೆ." ಅವರ ಕಣ್ಣು ಹೆಸ್ಟರಳ ಮೇಲೆ ನಿಂತಿತು. "ನೋಡಮ್ಮ, ಮೂರು ನಿಮಿಷ ಸಿಕ್ಕರೂ ನಮ್ಮನ್ನ ಬಯ್ಯದೇ ಇದ್ದೋರು ನೀವೇ ಮೊದಲು. ನಮ್ಮಲ್ಲಿ ಮಾತಾಡೋರು ಬೇಕಾದಷ್ಟಿದಾರೆ. ಕೇಳಿಸ್ಕೊಳ್ಳೋರು ಒಬ್ಬರೂ ಇಲ್ಲ."

"ಡಿಗ್ರಿ ಆಗಿದೆ ಅವಳಿಗೆ," ಎಂದಳು ಬ್ರೆಂಡಾ, ಹಸು ಮಾರುವವಳಂತೆ. "ಬಾಡಿಗೇನೂ ತಪ್ಪಿಸಿಲ್ಲ."

ಬೇಡ ಎಂದು ತಲೆಯಾಡಿಸಬೇಕೆನ್ನುವಷ್ಟರಲ್ಲಿ ಹೆಸ್ಟರಳ ತಲೆಯೊಳಗೆ ದೀಪ ಹತ್ತಿತು. ಸದಸ್ಯರು ಮಾತಾಡಲೇಬೇಕೆಂದಿಲ್ಲ. ಕೈ ಎತ್ತಿದರೆ ಸಾಕು. ಕೈಗೆ ಗಂಟಲಿಲ್ಲ. ಬೆಂಚಿಗೆ ಒಂದು ಮತವಾದರೂ ಆಗುತ್ತದೆ.

"ಆಗಲಿ," ಎಂದಳು. ತನ್ನ ಧ್ವನಿ ಕೇಳಿ ತಾನೇ ಬೆಚ್ಚಿದಳು.

ಚಪ್ಪಾಳೆಯಾಯಿತು. ಸಹಿಯಾಯಿತು. ಓಕ್ ಮರದ ದೊಡ್ಡ ಕುರ್ಚಿಯಲ್ಲಿ ಅವಳನ್ನು ಕೂರಿಸಿದರು. ಕಾಲು ನೆಲಕ್ಕೆ ಎಟಕಲಿಲ್ಲ.

"ಮುಂದಿನದು, ಬೇಕರಿ ಮುಂದಿನ ಬೆಂಚು."

ಹೆಸ್ಟರ್ ಬಲಗೈಯನ್ನು ಮಡಿಲಲ್ಲಿ ಸಿದ್ಧವಾಗಿಟ್ಟುಕೊಂಡಳು. ಮಿಸ್ಟರ್ ಪೆನ್ನಿ ಕೆಮ್ಮಿದರು.

"ಮಿಸ್ ಪಿಲ್ಬೀಮ್, ಆ ಬೆಂಚು ನಿಮ್ಮ ಕಿಟಕಿ ಕೆಳಗೇ ಅಲ್ವಾ? ಹಾಗಾದ್ರೆ ಇದರಲ್ಲಿ ನಿಮ್ಮ ಸ್ವಂತ ಹಿತ ಇದೆ. ಸದಸ್ಯರಾದವರು ಆಗ ಮಾತಾಡೋ ಹಾಗಿಲ್ಲ, ಕೈ ಎತ್ತೋ ಹಾಗಿಲ್ಲ, ಒಳಗೆ ಕೂರೋ ಹಾಗೂ ಇಲ್ಲ. ದಯವಿಟ್ಟು ಹೊರಗಿರಿ."

"ಆದ್ರೆ... ಆಗಲೇ, ಆ ಸಾಲಿನಲ್ಲಿದ್ದಾಗ?"

"ಆಗ ಧಾರಾಳವಾಗಿ ಮಾತಾಡಬಹುದಿತ್ತು," ಎಂದರು ಮಿಸ್ಟರ್ ಪೆನ್ನಿ ಮೃದುವಾಗಿ. "ನೀವು ಪಾರಿವಾಳದ ವಿಷಯ ತೆಗೆದ್ರಿ."

ಹೊರಗಿನ ಓಣಿಯಲ್ಲಿ ಹಳೆಯ ಮೇಯರುಗಳು ಗೋಡೆಯ ಪಟಗಳಿಂದ ಅವಳನ್ನೇ ನೋಡುತ್ತಿದ್ದರು. ಬಾಗಿಲಿಗೆ ಕಿವಿಯಿಟ್ಟಳು. ಒಳಗಿನದೂ ಅದೇ ದುಂಬಿಯ ಸದ್ದು. ಊರಿನ ಮಾತೆಲ್ಲ ತನಗೆ ಯಾವಾಗಲೂ ಏನಾದರೊಂದರ ಆಚೆಯಿಂದಲೇ ಕೇಳಿಸುತ್ತದಲ್ಲ, ಒಮ್ಮೆ ಗಾಜು, ಒಮ್ಮೆ ಮರ ಅನ್ನಿಸಿತು. ಗಾಜಿಗೂ ಮರಕ್ಕೂ ಹಿಡಿಕೆ ತನ್ನ ಕಡೆಗೇ ಇತ್ತು ಎಂಬುದೂ ಅದರ ಬೆನ್ನಿಗೇ ಹೊಳೆದು ಮುಖ ಬಿಸಿಯಾಯಿತು.

ಬಾಗಿಲು ತೆರೆಯಿತು. "ಬನ್ನಿ, ಬನ್ನಿ," ಎಂದರು ಮೇಯರು. "ಎಲ್ಲರೂ ಒಪ್ಪಿದ್ರು. ನಾಳೆ ಬೆಳಿಗ್ಗೆನೇ ಬೆಂಚು ಹೋಗುತ್ತೆ. ಮೊದಲ ದಿನವೇ ನಿಮಗೆ ನಮ್ಮ ಉಡುಗೊರೆ. ನಮ್ಮ ನಿಯಮದ ಪ್ರಕಾರ ಒಮ್ಮೆ ಆದ ತೀರ್ಮಾನವನ್ನ ಆರು ತಿಂಗಳು ಯಾರೂ ಮುಟ್ಟೋ ಹಾಗಿಲ್ಲ. ನಿಶ್ಚಿಂತೆಯಾಗಿರಿ. ವಂದನೆ ಹೇಳಬೇಕಾದ್ದು ಅರ್ಜಿ ಕೊಟ್ಟವರಿಗೆ."

ಡೊರೀನ್, ಮೇವಿಸ್ ಎದ್ದು ನಿಂತರು.

"ವಂದನೆ ಯಾತಕ್ಕಪ್ಪ," ಎಂದಳು ಮೇವಿಸ್. "ಪಾಪ, ಓದೋ ಹುಡುಗಿ. ನಾವು ಕೆಳಗೆ ಬಡಬಡ ಅಂತಿದ್ರೆ ಆ ಮಗು ತಾನೇ ಎಷ್ಟು ತಡ್ಕೊಳ್ಳತ್ತೆ? ಒಂದು ದಿನ ಕಿಟಕಿ ದಢ್ ಅಂತ ಹಾಕ್ಕೊಂಡ್ಳು. ತೆಗೀಲೇ ಇಲ್ಲ ಆಮೇಲೆ. ಬಾಯಿಬಿಟ್ಟು ಬಯ್ಯೋ ಜಾತಿ ಅಲ್ಲ ಅದು. ಅದಕ್ಕೇ ನಾವೇ ಅರ್ಜಿ ಕೊಟ್ವಿ."

"ಸ್ಮಶಾನದ ಹತ್ರ ಆದ್ರೆ ಯಾರೂ ಕಿಟಕಿ ಹಾಕಲ್ಲ," ಎಂದಳು ಡೊರೀನ್. "ಸ್ವಲ್ಪ ಗಾಳಿ ಜಾಸ್ತಿ, ಅಷ್ಟೇ. ಈಗ ನೆಮ್ಮದಿ ತಾನೇ ಪುಟ್ಟಿ?"

ಸಭೆಯೆಲ್ಲ ಅವಳತ್ತ ನೋಡಿ ಮುಗುಳ್ನಕ್ಕಿತು. ಊರಿಗೆ ಊರೇ ಒಟ್ಟಾಗಿ ಅವಳಿಗೊಂದು ಒಳ್ಳೆಯದು ಮಾಡಿ ಮುಗಿಸಿತ್ತು.

"ಬೇರೆ ಏನಾದ್ರೂ ವಿಷಯ ಇದೆಯಾ?" ಎಂದರು ಮೇಯರು ರೂಢಿಯಂತೆ, ಸರಪಳಿಯ ಕೊಂಡಿ ಬಿಚ್ಚುತ್ತಾ.

ಮಡಿಲಲ್ಲಿ ಸಿದ್ಧವಾಗಿಟ್ಟುಕೊಂಡಿದ್ದ ಕೈ ತಾನಾಗಿ ಮೇಲೆದ್ದಿತು. ಮೇಯರರ ಬೆರಳು ಕೊಂಡಿಯ ಮೇಲೇ ನಿಂತವು. ಮಿಸ್ಟರ್ ಪೆನ್ನಿ ಮರಳುಗಡಿಯಾರಕ್ಕೆ ಕೈಹಾಕಿದರು. ಅದು ಬೇಕಾಗಲಿಲ್ಲ.

"ಕಿಟಕಿ ಬೈಕೊಂಡು ಹಾಕಿದ್ದಲ್ಲ," ಎಂದಳು ಹೆಸ್ಟರ್, ಡೊರೀನಳನ್ನೇ ನೋಡುತ್ತಾ. "ನಗು ತಡೆಯೋಕಾಗಲಿಲ್ಲ, ಅದಕ್ಕೆ ಹಾಕಿದೆ. ಅಲ್ಲೀತನಕ ಒಂದು ದಿನಾನೂ ಬಿಡದೆ ನಿಮ್ಮ ಮಾತೆಲ್ಲ ಕೇಳಿಸ್ಕೊಂಡಿದೀನಿ. ಆಮೇಲೆ ಏನಾಯ್ತು ಹೇಳಿ... ನಿಮ್ಮ ತಂಗಿ ಪಾಸು ತೋರಿಸಿದ್ರಾ?"